ಸಿಲ್ಕ್ ಬೋರ್ಡಲ್ಲಿ ಜಾಮ್ ಇದೆ, ಕಾರಣ ಕೇಳಬೇಡಿ

ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಹಾಸನದಿಂದ ಮಾವ ಬಂದಿದ್ದರು. ಆಪರೇಷನ್ ಆದ ಮೇಲೆ ನಾಲ್ಕು ದಿನ ಟೀವಿ, ಫೋನು ಎರಡೂ ನೋಡಬೇಡಿ ಅಂದರು ಡಾಕ್ಟರ್. ಮಾವ ಸುಮ್ನೆ ಕೂರೋ ಆಸಾಮಿಯಲ್ಲ. ಅಟ್ಟದ ಮೇಲಿದ್ದ ಹಳೇ ರೇಡಿಯೋ ಇಳಿಸಿ, ಧೂಳು ಒರೆಸಿ, ಹೊಸ ಸೆಲ್ ಹಾಕಿ ಅವರ ತಲೆದೆಸೆಯಲ್ಲಿಟ್ಟೆ.

ಮಾವನ ಪಾಲಿಗೆ ರೇಡಿಯೋ ಅಂದರೆ ಆಕಾಶವಾಣಿ ಹಾಸನ. ಆಲೂಗಡ್ಡೆಗೆ ಅಂಗಮಾರಿ ಬಂದರೂ ಅದೇ ಹೇಳಬೇಕು, ಹಳೇಬೀಡಿನಿಂದ ಯಾರು ಯಾವ ಹಾಡು ಕೇಳಿ ಕಾರ್ಡ್ ಬರೆದರು ಅಂತಲೂ ಅದೇ ಹೇಳಬೇಕು. ಬೆಂಗಳೂರು ಅಷ್ಟು ದೊಡ್ಡ ಊರು, ಇಲ್ಲಿನ ಎಫ್‌ಎಂ ಇನ್ನೆಷ್ಟು ಸುದ್ದಿ ಹೇಳೀತು ಅಂತ ಅವರ ಲೆಕ್ಕ. ಬೆಳಗ್ಗೆ ಏಳರಿಂದ ಹತ್ತರವರೆಗೆ ಮುಳ್ಳು ತಿರುಗಿಸುತ್ತಾ ಮಲಗಿದ್ದರು. ಆಮೇಲೆ ಕರೆದರು.

"ಏನ್ಲಾ, ನಿಮ್ಮೂರಲ್ಲಿ ಏನೂ ನಡಿಯೋದೇ ಇಲ್ವಾ?"

"ಯಾಕ್ ಮಾವ?"

"ಒಬ್ಬ ಹುಡುಗ ಯಾರಿಗೋ ಫೋನ್ ಮಾಡಿ ಬಕ್ರಾ ಮಾಡ್ದ. ಒಬ್ಳು ಹುಡುಗಿ ನಿಮ್ಮ ಫಸ್ಟ್ ಲವ್ ಬಗ್ಗೆ ಹೇಳಿ ಅಂದ್ಲು. ಒಂದೇ ಹಾಡು ಮೂರು ಸಲ ಬಂತು. ಸಿಲ್ಕ್ ಬೋರ್ಡಲ್ಲಿ ಜಾಮ್ ಅಂತ ನಾಲ್ಕು ಸಲ ಹೇಳಿದ್ರು. ಯಾಕೆ ಜಾಮ್ ಅಂತ ಒಬ್ರೂ ಹೇಳ್ಲಿಲ್ಲ."

"ಹೇಳೋ ಹಾಗಿಲ್ಲ ಮಾವ."

"ಗೊತ್ತಿಲ್ವಾ ಅವ್ರಿಗೆ?"

"ಗೊತ್ತಿದ್ರೂ ಹೇಳೋ ಹಾಗಿಲ್ಲ. ರೂಲ್ಸ್."

ಮಾವ ನಂಬಲಿಲ್ಲ. ಆದರೆ ಇದು ನಿಜ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಇದೇ ಬೆಂಗಳೂರಲ್ಲಿ, 2001ರಲ್ಲಿ. ಅವತ್ತಿನಿಂದ ಖಾಸಗಿ ಎಫ್‌ಎಂನವರು ಸ್ವಂತವಾಗಿ ಸುದ್ದಿ ಹೇಳುವಂತಿಲ್ಲ. 2011ರ ನಿಯಮದಲ್ಲಿ ಸರ್ಕಾರ ಸ್ವಲ್ಪ ಮನಸ್ಸು ಕರಗಿಸಿಕೊಂಡಿತು. ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬೇಕಾದರೆ ಹಾಕಿಕೊಳ್ಳಿ ಅಂದಿತು. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು-ಕರೆಂಟಿನ ಪ್ರಕಟಣೆ ಇವೆಲ್ಲ ಸುದ್ದಿಯಲ್ಲ ಅಂತ ಪಟ್ಟಿ ಮಾಡಿಯೂ ಕೊಟ್ಟಿತು. ಹಾಗಾಗಿ ಸಂಜೆ ಜೋರು ಮಳೆ ಅಂತ ಆರ್‌ಜೆ ಕೂಗಬಹುದು. ಆ ಮಳೆಗೆ ನಿಮ್ಮ ಅಡುಗೆಮನೆಯಲ್ಲಿ ಸಿಲಿಂಡರ್ ತೇಲಿದರೆ, ರಾಜಕಾಲುವೆ ಮೇಲೆ ಯಾರು ಮನೆ ಕಟ್ಟಿದರು ಅನ್ನೋ ಮಾತು ಬಂದ ತಕ್ಷಣ ಅದು ಸುದ್ದಿಯಾಗುತ್ತದೆ. ಆಗ ಹಾಡು ಹಾಕಬೇಕು. ಮಳೆ ಹಾಡಾದರೆ ಇನ್ನೂ ಒಳ್ಳೇದು.

ನಮ್ಮ ಬೀದಿಯಲ್ಲೊಬ್ಬ ಹುಡುಗನಿದ್ದಾನೆ. ಸೆಲ್ಫಿ ಕಡ್ಡಿಗೆ ಫೋನ್ ಸಿಗಿಸಿಕೊಂಡು ಯೂಟ್ಯೂಬಿನಲ್ಲಿ ಪ್ರಧಾನ ಸಂಪಾದಕನಾಗಿದ್ದಾನೆ. ಮುಖ್ಯಮಂತ್ರಿಯನ್ನು ವಾರಕ್ಕೆರಡು ಸಲ ಬದಲಾಯಿಸುತ್ತಾನೆ. ಅವನಿಗೆ ಲೈಸೆನ್ಸೂ ಇಲ್ಲ, ಹರಾಜೂ ಇಲ್ಲ. ಕೋಟಿಗಟ್ಟಲೆ ಹಣ ಕಟ್ಟಿ ಹರಾಜಲ್ಲಿ ಫ್ರೀಕ್ವೆನ್ಸಿ ಹಿಡಿದವರ ಬಾಯಿಗೆ ಮಾತ್ರ ಬೀಗ. ಗಂಟೆಗೆ ಹತ್ತು ನಿಮಿಷ ಸುದ್ದಿ ಹೇಳಲು ಬಿಡಿ ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತು. ಶಿಫಾರಸು ತಾನೆ, ಅವಸರ ಏನಿದೆ?

"ಹೋಗ್ಲಿ, ನಮ್ಮ ಬೆಂಗ್ಳೂರು, ನಮ್ಮ ಬೆಂಗ್ಳೂರು ಅಂತಾರಲ್ಲ, ಇವ್ರು ಯಾವೂರವ್ರು?" ಅಂದರು ಮಾವ.

ಇದಕ್ಕೆ ಉತ್ತರ ಹೇಳೋದು ಸ್ವಲ್ಪ ಕಷ್ಟ. ರೇಡಿಯೋ ಸಿಟಿ ಹುಟ್ಟಿದ್ದು ಇಲ್ಲಿ, 2015ರಲ್ಲಿ ಸೇರಿದ್ದು ಕಾನ್ಪುರದ ಹಿಂದಿ ಪತ್ರಿಕೆಯ ಮನೆಗೆ. ಮಿರ್ಚಿ ಟೈಮ್ಸ್ ಬಳಗದ್ದು, ರೆಡ್ ಎಫ್‌ಎಂ ಚೆನ್ನೈನ ಸನ್ ಬಳಗದ್ದು. ಬಿಗ್ ಎಫ್‌ಎಂ ಅನಿಲ್ ಅಂಬಾನಿ ಗುಂಪಿನಲ್ಲಿತ್ತು. ಅದು ದಿವಾಳಿ ಪ್ರಕ್ರಿಯೆಗೆ ಸಿಕ್ಕಿ, 2024ರಲ್ಲಿ ಸಫೈರ್ ಮೀಡಿಯಾ ಅನ್ನೋ ಕಂಪನಿಯ ಕೈಗೆ ಹೋಯಿತು. ಎಲ್ಲ ಕೇಳಿಸಿಕೊಂಡ ಮಾವ, "ಸಂತೆ ದನ ಆಯ್ತಲ್ಲ" ಅಂದರು. ಅವರು ದನದ ವ್ಯಾಪಾರ ಬಲ್ಲವರು.

ಈ ಸಂತೆ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಅಂತ ಅಮೆರಿಕದವರು ನಮಗಿಂತ ಮೊದಲೇ ನೋಡಿದ್ದಾರೆ. ಅಲ್ಲಿ ಒಂದು ಕಂಪನಿ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬಹುದು ಅನ್ನೋ ಮಿತಿಯನ್ನು 1996ರಲ್ಲಿ ತೆಗೆದರು. ಕ್ಲಿಯರ್ ಚಾನೆಲ್ ಅನ್ನೋ ಕಂಪನಿ 1,200ಕ್ಕೂ ಜಾಸ್ತಿ ಸ್ಟೇಷನ್ ಗುಡ್ಡೆ ಹಾಕಿಕೊಂಡಿತು. ನಾರ್ತ್ ಡಕೋಟಾದ ಮೈನಾಟ್ ಅನ್ನೋ ಸಣ್ಣ ಊರಲ್ಲೇ ಆರು. 2002ರ ಜನವರಿಯ ಒಂದು ರಾತ್ರಿ ಊರ ಪಕ್ಕ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ವಿಷಾನಿಲ ಸೋರಿತು. ಜನ ರೇಡಿಯೋ ಹಾಕಿದರೆ ಎಂದಿನಂತೆ ಹಾಡು ಬರುತ್ತಿತ್ತು. ಪೊಲೀಸರು ಸ್ಟೇಷನ್‌ಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ರೇಡಿಯೋದಲ್ಲಿ ಎಚ್ಚರಿಕೆ ಬಿತ್ತರಿಸೋಕೆ ಅಂತಲೇ ಇರೋ ಯಂತ್ರ ನಿಮಗೇ ಬಳಸಕ್ಕೆ ಬರಲಿಲ್ಲ ಅಂತ ಕಂಪನಿ ಪೊಲೀಸರ ಮೇಲೇ ಹೇಳಿತು. ಕಂಪನಿಗೆ ಆಮೇಲೆ ಐಹಾರ್ಟ್‌ಮೀಡಿಯಾ ಅಂತ ಹೆಸರು ಬದಲಾಯಿತು. 2018ರಲ್ಲಿ ಸಾಲ ತಾಳಲಾರದೆ ಕೋರ್ಟ್ ಮೆಟ್ಟಿಲು ಹತ್ತಿತು. ಹೆಸರಲ್ಲಾದರೂ ಹೃದಯ ಇರಲಿ ಅಂತ ಇರಬೇಕು.

ನಮ್ಮವರು ಇದಕ್ಕೂ ಸುಲಭದ ದಾರಿ ಕಂಡುಹಿಡಿದಿದ್ದಾರೆ: ರೇಡಿಯೋನೇ ಸಿಗದ ಹಾಗೆ ಮಾಡೋದು. ಮೂರನೇ ದಿನ ರೇಡಿಯೋ ಗೊರಗೊರ ಅಂದು ನಿಂತಿತು. ನನ್ನ ಫೋನಲ್ಲಿ ಎಫ್‌ಎಂ ಹುಡುಕಿದೆ, ಇಲ್ಲ. ಹೆಂಡತಿಯದರಲ್ಲಿದೆ, ಆದರೆ ಇಯರ್‌ಫೋನ್ ಸಿಗಿಸಬೇಕು, ಆ ವೈರೇ ಅದಕ್ಕೆ ಆಂಟೆನಾ. ಸಿಗಿಸೋಣ ಅಂದರೆ ತೂತೇ ಇಲ್ಲ! ವಿಪತ್ತಿನ ಸಮಯಕ್ಕೆ ಬೇಕಾಗುತ್ತದೆ, ಫೋನಲ್ಲಿ ಎಫ್‌ಎಂ ಉಳಿಸಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಬುದ್ಧಿಮಾತು ಹೇಳಿತ್ತು. ಅಂದರೆ ನೆರೆ ಬಂದಾಗ ನಾನು ಫೋನ್ ಹಿಡಿದು ಎಫ್‌ಎಂ ಹಾಕಬೇಕು. ಅದು ನನಗೆ ಸ್ವಂತವಾಗಿ ಸುದ್ದಿ ಹೇಳಬಾರದು.

ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದು ಮೈಸೂರಲ್ಲಿ. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದ್ದರು. ಇವತ್ತು ಯಾರಾದರೂ ಮೇಷ್ಟ್ರು ಹಾಗೆ ಹೊರಟರೆ ಸಂಜೆಯೊಳಗೆ ಪೆಟ್ಟಿಗೆ ಜಪ್ತಿ. ಆ ಜಪ್ತಿಯನ್ನೂ ಎಫ್‌ಎಂನವರು ಹೇಳೋ ಹಾಗಿಲ್ಲ.

ಸೆಲ್ ಬದಲಾಯಿಸಿ ರೇಡಿಯೋ ಮತ್ತೆ ಹಾಡಿಸುವಷ್ಟರಲ್ಲಿ ಅತ್ತೆ ಹಾಸನದಿಂದ ಫೋನ್ ಮಾಡಿದರು. ಮಾವನ ಕಣ್ಣು ಹೇಗಿದೆ, ಡ್ರಾಪ್ಸ್ ಹಾಕಿದ್ರಾ ಅಂತೆಲ್ಲ ಕೇಳಿ ಆಮೇಲೆ ಹೇಳಿದರು:

"ಸಿಲ್ಕ್ ಬೋರ್ಡ್ ಕಡೆ ಹೋಗ್ಬೇಡ ಕಣಪ್ಪ. ಗುಂಡಿ ಮುಚ್ಚಿಲ್ಲ ಅಂತ ಜನ ರಸ್ತೇಲೇ ಧರಣಿ ಕೂತಿದಾರಂತೆ. ನಮ್ಮ ಹಾಸನ ರೇಡಿಯೋದಲ್ಲಿ ಈಗ ತಾನೇ ಬಂತು."