ಸೈನಿಕನ ಪ್ರಮಾಣ, ಮಂತ್ರಿಯ ಪ್ರಮಾಣ

ಕೆಲವು ವರ್ಷಗಳ ಹಿಂದೆ ಪಕ್ಕದ ಊರಿನ ಯೋಧನೊಬ್ಬನ ಅಂತ್ಯಕ್ರಿಯೆಗೆ ಹೋಗಿದ್ದೆ. ಪಾರ್ಥಿವ ಶರೀರ ಬೆಳಿಗ್ಗೆ ಒಂಬತ್ತಕ್ಕೇ ಶಾಲೆಯ ಮೈದಾನಕ್ಕೆ ಬಂದಿತ್ತು. ಮುಖಂಡರೊಬ್ಬರು ಬರುವವರೆಗೆ ಕಾಯಬೇಕೆಂದು ಹೇಳಿದ್ದರಿಂದ ಹನ್ನೆರಡರವರೆಗೂ ಪೆಟ್ಟಿಗೆ ಬಿಸಿಲಿನಲ್ಲೇ ಇತ್ತು. ಶಾಮಿಯಾನದ ನೆರಳಿನ ಕುರ್ಚಿಗಳು ಬರಲಿರುವವರಿಗಾಗಿ ಖಾಲಿ ಕಾದಿದ್ದವು. ಯೋಧನ ತಂದೆ ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು ಅಷ್ಟೂ ಹೊತ್ತು ನಿಂತೇ ಇದ್ದರು. ಯಾರೋ ನೀರು ಕೊಟ್ಟಾಗ ಕುಡಿಯಲೆಂದು ಆ ಕೈ ತೆಗೆದರು, ಕುಡಿದು ಮತ್ತೆ ಅಲ್ಲಿಯೇ ಇಟ್ಟರು. ಮೂರು ಸುತ್ತು ಗುಂಡು ಹಾರಿಸಿ, ತ್ರಿವರ್ಣಧ್ವಜವನ್ನು ಮಡಚಿ ಅವರ ಕೈಗೆ ಕೊಟ್ಟ ಮೇಲೆ ಭಾಷಣ ನಡೆಯಿತು. ಆ ಭಾಷಣದಲ್ಲಿ ತ್ಯಾಗ ಎಂಬ ಮಾತು ಹತ್ತಾರು ಸಲ ಬಂತು.

ಗಡಿಯಲ್ಲಿ ಯೋಧರು ಮಡಿದಾಗಲೆಲ್ಲ ಸೈನಿಕ ದೇವರು, ರಾಜಕಾರಣಿ ಕಳ್ಳ ಎಂಬ ಬರಹಗಳು ಎಲ್ಲೆಡೆ ಹರಿದಾಡುತ್ತವೆ. ಆ ಕೋಪ ನನ್ನಲ್ಲೂ ಇದೆ. ಆದರೆ ಹಾಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟರೆ ನಾವು ರಾಜಕಾರಣಿಯನ್ನು ಬಹಳ ಸುಲಭವಾಗಿ ಬಿಟ್ಟುಕೊಟ್ಟಂತಾಗುತ್ತದೆ. ಎಲ್ಲರೂ ಕಳ್ಳರೇ ಎಂದು ಒಪ್ಪಿಕೊಂಡ ಮೇಲೆ ಅವರಲ್ಲಿ ಯಾರನ್ನೂ ನಿಲ್ಲಿಸಿ, ಇಂಥ ಕೆಲಸವನ್ನು ನೀವು ಏಕೆ ಮಾಡಲಿಲ್ಲ ಎಂದು ಕೇಳುವ ಪ್ರಮೇಯವೇ ಉಳಿಯುವುದಿಲ್ಲ.

ಇಬ್ಬರೂ ಪ್ರಮಾಣ ಮಾಡಿಯೇ ಕರ್ತವ್ಯಕ್ಕೆ ಇಳಿಯುತ್ತಾರೆ. ಮಂತ್ರಿಯಾಗುವವರು ಸಂವಿಧಾನದ ಮೂರನೇ ಅನುಸೂಚಿಯಲ್ಲಿರುವಂತೆ ಭಯ, ಪಕ್ಷಪಾತ, ರಾಗ, ದ್ವೇಷಗಳಿಲ್ಲದೆ ಎಲ್ಲ ಜನರಿಗೂ ನ್ಯಾಯ ಒದಗಿಸುವುದಾಗಿ ಹೇಳುತ್ತಾರೆ. ಸೈನಿಕನಾದರೋ ನೆಲ, ಜಲ, ವಾಯು ಯಾವ ಮಾರ್ಗವಾಗಿ ಎಲ್ಲಿಗೆ ಕಳುಹಿಸಿದರೂ ಹೋಗುವುದಾಗಿ, ಪ್ರಾಣಕ್ಕೆ ಅಪಾಯವಿದ್ದರೂ ಮೇಲಧಿಕಾರಿಯ ಆಜ್ಞೆಯನ್ನು ಪಾಲಿಸುವುದಾಗಿ ಮಾತು ಕೊಡುತ್ತಾನೆ. ಆ ಮಾತಿಗೆ ತಪ್ಪಿದರೆ ಅವನಿಗೆ ಕೋರ್ಟ್ ಮಾರ್ಷಲ್ ಇದೆ. ಪಕ್ಷಪಾತ ಮಾಡಿದ ಮಂತ್ರಿಯನ್ನು ಶಿಕ್ಷಿಸಲು ಮತದಾರ ಮುಂದಿನ ಚುನಾವಣೆಯವರೆಗೆ ಕಾಯಬೇಕು. ಇನ್ನೊಂದು ವ್ಯತ್ಯಾಸವನ್ನು ನಾವು ಗಮನಿಸುವುದೇ ಕಡಿಮೆ. ಸಂವಿಧಾನದ 33ನೇ ವಿಧಿಯ ಅಡಿಯಲ್ಲಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಬಹುದು. 1950ರ ಸೇನಾ ಕಾಯ್ದೆಯ ಪ್ರಕಾರ ಅವರು ಸಂಘ ಕಟ್ಟುವುದಕ್ಕೆ, ರಾಜಕೀಯ ಸಭೆಗೆ ಹೋಗುವುದಕ್ಕೆ, ಪತ್ರಿಕೆಗಳೊಂದಿಗೆ ಮಾತನಾಡುವುದಕ್ಕೆ ನಿರ್ಬಂಧವಿದೆ. ಅದು ಸರಿಯೇ, ಪ್ರಜಾಪ್ರಭುತ್ವದಲ್ಲಿ ಸೇನೆ ಹಾಗೆಯೇ ಇರಬೇಕು. ಆದರೆ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳಲಾಗದವನ ಪರವಾಗಿ ಸದನದಲ್ಲಿ ಬಾಯಿ ತೆರೆಯಬೇಕಾದವರು ಯಾರು?

ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ ಎಂದುಕೊಂಡಿದ್ದೇನೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗಿಂತ ಮೇಲಿದ್ದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನಗಳ ನಂತರ ಹನುಮಂತಪ್ಪನವರೊಬ್ಬರೇ ಜೀವಂತವಾಗಿ ಸಿಕ್ಕರು. ಇಡೀ ನಾಡು ಪ್ರಾರ್ಥಿಸಿದರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. 1984ರ ಏಪ್ರಿಲ್‌ನಿಂದ ನಮ್ಮ ಸೇನೆ ಆ ಹಿಮನದಿಯ ಮೇಲಿದೆ, ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಚಳಿ ಮತ್ತು ಹಿಮಕುಸಿತಗಳೇ ಕೊಂದಿವೆ. ಅಲ್ಲಿ ಇರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಠಾಣೆಯಲ್ಲಿ ಕಾವಲು ನಿಂತವನಲ್ಲ, ದೆಹಲಿಯ ಸಂಪುಟ. ಆದ್ದರಿಂದಲೇ ಈ ಎರಡು ಕರ್ತವ್ಯಗಳನ್ನು ಬೇರೆ ಬೇರೆ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಮನಸ್ಸು ಬರುವುದಿಲ್ಲ. ಒಬ್ಬರ ನಿರ್ಧಾರದ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ.

ಆ ನಿರ್ಧಾರ ತಪ್ಪಿದಾಗ ಏನಾಗುತ್ತದೆಂಬುದನ್ನು 1962ರ ಚೀನಾ ಯುದ್ಧ ತೋರಿಸಿತು. ಈಶಾನ್ಯದ ನಮ್ಕಾ ಚು ಕಣಿವೆಗೆ ಹೋದ ಪಡೆಗಳಿಗೆ ಆ ಎತ್ತರದ ಚಳಿಗೆ ತಕ್ಕ ಬಟ್ಟೆಯೂ ಇರಲಿಲ್ಲ. ಲಡಾಖ್‌ನ ರೆಜಾಂಗ್ ಲಾದಲ್ಲಿ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ಅವರ ತುಕಡಿಯ ನೂರಕ್ಕೂ ಹೆಚ್ಚು ಮಂದಿ ಕದಲದೆ ಕಾದಾಡಿ ಸತ್ತರು; ತಿಂಗಳುಗಳ ನಂತರ, 1963ರಲ್ಲಿ, ಹೆಪ್ಪುಗಟ್ಟಿದ ದೇಹಗಳು ಸಿಕ್ಕಾಗ ಅನೇಕರ ಕೈಯಲ್ಲಿ ಆಯುಧಗಳು ಹಾಗೆಯೇ ಇದ್ದವು. ರಕ್ಷಣಾ ಸಚಿವ ಕೃಷ್ಣ ಮೆನನ್ ಹುದ್ದೆ ಬಿಟ್ಟರು, ಆದರೆ ಬಿಟ್ಟದ್ದು ಒತ್ತಡ ಮಿತಿಮೀರಿದ ಮೇಲೆ. ಸೋಲಿನ ಕಾರಣ ಹುಡುಕಲು ಸೇನೆ ನಡೆಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವಿಚಾರಣೆಯ ವರದಿಯನ್ನು ಅನಂತರ ಬಂದ ಯಾವ ಪಕ್ಷದ ಸರ್ಕಾರವೂ ಜನರ ಮುಂದಿಡಲಿಲ್ಲ. ಸತ್ತವರಿಗೆ ಪರಮವೀರ ಚಕ್ರ ಕೊಡಲು ತೋರಿದ ಧಾರಾಳತನ, ಅವರು ಏಕೆ ಹಾಗೆ ಸಾಯಬೇಕಾಯಿತು ಎಂದು ಹೇಳುವುದರಲ್ಲಿ ಕಾಣಲಿಲ್ಲ.

ರಾಜಕಾರಣಿ ಗಡಿಗೆ ಹೋಗಿ ಗುಂಡಿಗೆ ಎದೆಯೊಡ್ಡಲಿ ಎಂದು ನಾನು ಕೇಳುವುದಿಲ್ಲ, ಅದು ಅವರ ಕೆಲಸವಲ್ಲ. ಇಂದಿರಾ ಗಾಂಧಿ, ರಾಜೀವ್ ಗಾಂಧಿ ಸಾರ್ವಜನಿಕ ಜೀವನದಲ್ಲಿದ್ದದ್ದರಿಂದಲೇ ಹತರಾದರು ಎಂಬುದನ್ನೂ ಮರೆಯಬಾರದು. ರಾಜಕಾರಣಿಗೆ ದಕ್ಕುವ ತ್ಯಾಗ ಇನ್ನೊಂದಿದೆ, ಅದು ಕುರ್ಚಿಯ ತ್ಯಾಗ. 1956ರಲ್ಲಿ ಮೆಹಬೂಬ್‌ನಗರದ ಬಳಿ ರೈಲು ಅಪಘಾತವಾದಾಗ ರೈಲ್ವೆ ಸಚಿವ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಅರಿಯಲೂರಿನ ದುರಂತ ನಡೆದಾಗ ಮತ್ತೆ ಕೊಟ್ಟರು, ಈ ಬಾರಿ ಅಂಗೀಕಾರವಾಯಿತು. ಹಳಿಯನ್ನು ಅವರು ಕಿತ್ತಿರಲಿಲ್ಲ, ಆದರೂ ಹೊಣೆ ತನ್ನದೆಂದರು. ಜೈ ಜವಾನ್ ಎನ್ನುವ ಹಕ್ಕು ಅಂಥವರಿಗಿತ್ತು.

ಹಣದ ಮಾತನ್ನು ಬೆಳೆಸಲು ಇಷ್ಟವಿಲ್ಲ. ಆದರೂ 2025ರ ಮಾರ್ಚ್‌ನಲ್ಲಿ ನಮ್ಮ ಶಾಸಕರ ವೇತನ 40,000ದಿಂದ 80,000 ರೂಪಾಯಿಗೆ ಏರುವ ಮಸೂದೆ ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದದ್ದನ್ನು ಕಂಡಾಗ ನೋವಾಯಿತು. ಸಾಮಾನ್ಯ ಸಿಪಾಯಿ ಪಿಂಚಣಿಗಾಗಿ ಹದಿನೈದು ವರ್ಷ ದುಡಿಯಬೇಕು. ನಾಲ್ಕು ವರ್ಷಕ್ಕೆ ಮನೆಗೆ ಬರುವ ಅಗ್ನಿವೀರನಿಗೆ ಅದೂ ಇಲ್ಲ.

ಅಂದು ಮೈದಾನದಲ್ಲಿ ಘೋಷಿಸಿದ ನಿವೇಶನ ಆ ತಂದೆಗೆ ಇನ್ನೂ ಸಿಕ್ಕಿಲ್ಲ. ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡು ಕಚೇರಿಗೆ ಅಲೆಯುತ್ತಿದ್ದಾರೆ. ಕಳೆದ ವಾರ ಅವರ ಮನೆಯ ಜಗಲಿಯಲ್ಲಿ ಕುಳಿತು, ಭಾಷಣ ನಡೆದ ದಿನಾಂಕ ಮತ್ತು ಆಡಿದ ಮಾತುಗಳನ್ನು ನಮೂದಿಸಿ ಒಂದು ಅರ್ಜಿ ಬರೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಮಗನ ಸೇನಾ ನಂಬರು ಮೊದಲು ಬರೀರಿ ಸರ್" ಎಂದರು. ಅದನ್ನು ಮೇಲೆ ಸೇರಿಸಿ, ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದ್ದೇವೆ.