ಚಿತ್ರ ಬಂದ ಮಾತ್ರಕ್ಕೆ ಕೇಬಲ್ ದುರಸ್ತಿ ಮುಗಿಯುವುದಿಲ್ಲ

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದಾಗಿನಿಂದ ನನ್ನ ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳು ದೂರದವರೊಡನೆ ಮಾತಾಡಲು ಬಳಸುವ ರೇಡಿಯೊದಲ್ಲಿ, 145 ಮೆಗಾಹರ್ಟ್ಸ್ ಆಸುಪಾಸಿನ ದೂರದ ದನಿಗಳೆಲ್ಲ ಒಂದೇ ಸಮನೆ ಸುಯ್ಯೆನ್ನುವ ಸದ್ದಿನಲ್ಲಿ ಮುಳುಗಿಹೋಗಿದ್ದವು. ಮೊದಲು ನಮ್ಮ ಮನೆಯ ಮೇನ್ ಸ್ವಿಚ್ ಇಳಿಸಿ, ಬ್ಯಾಟರಿಯಲ್ಲಿ ಕೇಳಿದೆ, ಸದ್ದು ಕದಲಲಿಲ್ಲ. ವಿದ್ಯುತ್ ತಂತಿಯ ಕಿಡಿಯಾಗಿದ್ದರೆ ಇರಬೇಕಾಗಿದ್ದ ಗರಗರವೂ ಅದರಲ್ಲಿರಲಿಲ್ಲ. ಆಗಲೇ ನನಗೆ ಕೇಬಲ್ ಟಿವಿಯ ಮೇಲೆ ಅನುಮಾನ ಬಂತು.

ಅನಲಾಗ್ ಕಾಲದಲ್ಲಿ ಇದನ್ನು ಗುರುತಿಸುವುದು ಸುಲಭವಿತ್ತು. ಕೇಬಲ್ಲಿನ ಎಸ್‌6 ಚಾನೆಲ್ಲಿನ ಧ್ವನಿ 145.75 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಮ್ಮ ಹ್ಯಾಮ್‌ಗಳ 144ರಿಂದ 146ರ ಬ್ಯಾಂಡಿನೊಳಗೇ ಬೀಳುತ್ತಿದ್ದುದರಿಂದ, ಸೋರಿಕೆಯಾದರೆ ಧಾರಾವಾಹಿಯ ಮಾತೇ ರೇಡಿಯೊದಲ್ಲಿ ಕೇಳಿಸುತ್ತಿತ್ತು. ಡಿಜಿಟಲ್ ಸಂಕೇತಕ್ಕೆ ಅಂಥ ಗುರುತಿಲ್ಲ, ಅದು ಬರೀ ಸುಯ್ಯೆನ್ನುವ ಸದ್ದು.

ತಾನು ಮುಖಮಾಡಿದ ದಿಕ್ಕಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಯಾಗಿ ಆಂಟೆನಾವನ್ನು ಕೈಯಲ್ಲಿ ಹಿಡಿದು, ಸದ್ದು ಹೆಚ್ಚುವ ದಿಕ್ಕನ್ನು ನೋಡುತ್ತ ತೋಟದ ದಾರಿಯಲ್ಲಿ ನಡೆದೆ. ಹತ್ತಿರವಾದಂತೆ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಜೋರಾಗಿ ಕೇಳಿಸಿ ದಾರಿ ತಪ್ಪುತ್ತದೆ. ಆಗ ಆಂಟೆನಾವನ್ನೇ ಕಳಚಿ, ಬರಿಯ ಸೆಟ್ಟನ್ನು ಎದೆಗೊತ್ತಿ ಹಿಡಿದು ಮೆಲ್ಲಗೆ ಸುತ್ತು ತಿರುಗಬೇಕು. ಮೂಲಕ್ಕೆ ಬೆನ್ನು ಮಾಡಿದಾಗ ನಮ್ಮ ಮೈಯೇ ಅಡ್ಡವಾಗಿ ಸದ್ದು ಕುಗ್ಗುತ್ತದೆ. ಹೀಗೆ ಹುಡುಕಿ ಮುಟ್ಟಿದ್ದು ಸಿಲ್ವರ್ ಮರಕ್ಕೆ ಕಟ್ಟಿದ್ದ, ಕೇಬಲ್ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಡಬ್ಬಿಯ ಬುಡವನ್ನು. ಕೊಂಬೆ ಬಿದ್ದು ತುಂಡಾಗಿದ್ದ ಕೇಬಲ್ಲನ್ನು ಯಾರೋ ಹೊಸೆದು, ಟೇಪು ಸುತ್ತಿ ಬಿಟ್ಟಿದ್ದರು.

ದುರಸ್ತಿಗೆ ಬಂದ ಹುಡುಗ, "ಟಿವಿ ಚೆನ್ನಾಗೇ ಬರ್ತಿದೆಯಲ್ಲ ಅಣ್ಣ" ಎಂದ. ನಡುತಂತಿ ಕೂಡಿದರೆ ಚಿತ್ರ ಬರುತ್ತದೆ ನಿಜ. ಆದರೆ ಹೊರಗಿನ ಹೆಣಿಗೆಯ ಕವಚ ಕಡಿದಿದ್ದರೆ ಒಳಗಿನ ಸಂಕೇತ ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ನುಗ್ಗುತ್ತದೆ. ನಾನು ಮಾತಾಡಿದಾಗಲೆಲ್ಲ ನೆರೆಮನೆಯ ಟಿವಿ ಚಿತ್ರ ನಿಂತುಬಿಡುತ್ತಿದ್ದುದೂ ಇದರಿಂದಲೇ. ಕವಚವನ್ನೂ ಕೂಡಿಸುವ ಕನೆಕ್ಟರ್ ಹಾಕಿ ಬಿಗಿ ಮಾಡಿದ ಕೂಡಲೇ ಸದ್ದು ಅಡಗಿತು.

ಆ ಹುಡುಗನನ್ನು ನಾನು ದೂರುವುದಿಲ್ಲ. ಕನೆಕ್ಟರನ್ನೂ ಅದನ್ನು ಅದುಮಿ ಕೂರಿಸುವ ಕ್ರಿಂಪಿಂಗ್ ಉಪಕರಣವನ್ನೂ ಕೊಡದೆ, ಬರೀ ಟೇಪಿನ ಸುರುಳಿ ಕೊಟ್ಟು ಮಳೆಯಲ್ಲಿ ಮರ ಹತ್ತಿಸುವ ಮಾಲೀಕರದೇ ತಪ್ಪು. ಇದನ್ನು ಒಬ್ಬ ಹವ್ಯಾಸಿಯ ತಕರಾರೆಂದು ತಳ್ಳಿಹಾಕಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ರಸ್ತೆ, ಕರೆಂಟು, ಮೊಬೈಲ್ ಮೂರೂ ಇಲ್ಲದೆ ಕುಳಿತ ಊರುಗಳು ನಮ್ಮ ಜಿಲ್ಲೆಯಲ್ಲಿದ್ದವು. ಅಂಥ ಹೊತ್ತಿನಲ್ಲಿ ಬ್ಯಾಟರಿಯ ಮೇಲೆ ನಡೆಯುವ ರೇಡಿಯೊಗೆ ಬರುವ ಕ್ಷೀಣ ದನಿಯೊಂದು ಕೇಳಿಸಲೇಬೇಕು.

ನಿಮ್ಮ ತೋಟದ ಮರಗಳಲ್ಲಿ ಟೇಪು ಸುತ್ತಿದ ಜಾಯಿಂಟ್ ಕಂಡರೆ, ಟಿವಿ ಸರಿಯಾಗಿ ಬರುತ್ತಿದ್ದರೂ ನಿಮ್ಮ ಕೇಬಲ್‌ನವರಿಗೆ ತಿಳಿಸಿ, ಕನೆಕ್ಟರ್ ಹಾಕಿಸಿ.