ಗಡಿಯಾರ ಉಲ್ಟಾ, ಕಡತ ಅಲ್ಲೇ

ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾಯಿತೆಂದರೆ ಬೆಳಗಾವಿಯಲ್ಲಿ ಎರಡಕ್ಕೆ ರೇಟು ಏರುತ್ತದೆ: ಲಾಡ್ಜಿನ ರೂಮಿಗೆ, ಪ್ರತ್ಯೇಕ ರಾಜ್ಯದ ಕೂಗಿಗೆ. ಅಧಿವೇಶನ ಮುಗಿದ ಮರುದಿನ ಎರಡೂ ಇಳಿಯುತ್ತವೆ. ಪೆಂಡಾಲಿನಲ್ಲಿ ಕೂತು ಹೊಸ ನಾಡಿನ ಮನವಿ ಬರೆಯುವ ಹಿರಿಯರಲ್ಲಿ ಒಂದೇ ವಿನಂತಿ: ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕಾಮಗಾರಿ ಒಮ್ಮೆ ನೋಡ್ರಿ. ಮೂಲನಿವಾಸಿಗಳ ಹೆಸರಿನಲ್ಲಿ, ಎಡಪಂಥದ ಮೇಸ್ತ್ರಿಗಳನ್ನಿಟ್ಟುಕೊಂಡು, ಇಡೀ ದೇಶವನ್ನೇ ಕೆಡವಿ ಕಟ್ಟಿದವರು ಅವರು. ಎಸ್ಟಿಮೇಟು, ಬಿಲ್ಲು, ಬಿರುಕು ಎಲ್ಲ ದಾಖಲೆಯಲ್ಲಿವೆ.

ಮೊದಲು ಬೇಕಾದದ್ದು ಲೈಸೆನ್ಸು. ಕೋಕಾ ಬೆಳೆಗಾರರ ಸಂಘದಿಂದ ಬಂದ ಇವೊ ಮೊರಾಲೆಸ್ ಮತ್ತವರ ಸಂಗಡಿಗರಿಗೆ ಸ್ವಂತ ಪಕ್ಷದ ನೋಂದಣಿ ಸಿಗಲಿಲ್ಲ. 1999ರಲ್ಲಿ ಅವರು ಬೇರೊಂದು ಪಕ್ಷದ ನೋಂದಣಿಯ ಮೇಲೆ ಕಣಕ್ಕಿಳಿದರು. ಅದರ ಹೆಸರು 'ಸಮಾಜವಾದದತ್ತ ಚಳವಳಿ', ಚುಟುಕಾಗಿ ಮಾಸ್. ತಮಾಷೆ ಎಂದರೆ ಆ ಪಕ್ಷ ಹುಟ್ಟಿದ್ದು ಕಟ್ಟಾ ಬಲಪಂಥೀಯ ಫಲಾಂಜ್ ಪಕ್ಷದಿಂದ ಒಡೆದು. ಹೆಸರಿನ ಜೊತೆ ಅದರ ನೀಲಿ ಬಣ್ಣವೂ ಬಂತು. ಒಬ್ಬನ ಲೈಸೆನ್ಸಿನ ಮೇಲೆ ಇನ್ನೊಬ್ಬ ಟೆಂಡರು ಹಿಡಿಯುವುದು ನಮ್ಮ ಕಡೆ ಹೊಸದೇನಲ್ಲ. ಈ ಹಂತಕ್ಕೆ ತರಬೇತಿ ಬೇಡ.

2005ರ ಡಿಸೆಂಬರಿನ ಚುನಾವಣೆಯಲ್ಲಿ ಮೊರಾಲೆಸ್ ಗೆದ್ದು ಅಧ್ಯಕ್ಷರಾದರು. 2009ರಲ್ಲಿ ಹೊಸ ಸಂವಿಧಾನ ಬಂತು, ದೇಶದ ಹೆಸರಿನಲ್ಲಿ 'ಗಣರಾಜ್ಯ' ಹೋಗಿ 'ಬಹುರಾಷ್ಟ್ರಗಳ ರಾಜ್ಯ' ಆಯಿತು. ಸ್ಪ್ಯಾನಿಷ್ ಜೊತೆ 36 ಮೂಲನಿವಾಸಿ ಭಾಷೆಗಳು ಅಧಿಕೃತವಾದವು. ಅದರಲ್ಲಿ ಪುಕಿನಾ ಕೂಡ ಒಂದು, ಅದನ್ನು ಆಡುವವರೆಲ್ಲ ಎಂದೋ ಹೋಗಿಬಿಟ್ಟಿದ್ದಾರೆ. ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇದೆಯೋ ಇಲ್ಲವೋ ಎಂದು ತಕರಾರು ಮಾಡುವ ನಾವು ಈ ಲೆಕ್ಕ ಹಾಕಬೇಕು: ಆರು ಅಡಿ ಬೋರ್ಡನ್ನು 37 ಭಾಷೆಗೆ ಹಂಚಿದರೆ ತಲಾ ಎರಡು ಇಂಚೂ ಬರುವುದಿಲ್ಲ. ಪುಕಿನಾದ ಪಾಲನ್ನು ಯಾರಾದರೂ ಒತ್ತುವರಿ ಮಾಡಿದರೆ ದೂರು ಕೊಡುವವರಿಲ್ಲ.

2014ರ ಜೂನಿನಲ್ಲಿ ಸರ್ಕಾರ ಕೂರುವ ಲಾ ಪಾಜ್‌ನ ಸಂಸತ್ ಭವನದ ಗಡಿಯಾರವನ್ನು ಉಲ್ಟಾ ಮಾಡಿದರು. 12ರ ಎಡಕ್ಕೆ 1, ಅದರಾಚೆ 2. ಮುಳ್ಳು ಎಡಕ್ಕೇ ಸುತ್ತತೊಡಗಿತು. ದಕ್ಷಿಣ ಗೋಳಾರ್ಧದಲ್ಲಿರುವ ನಾವು ಉತ್ತರದವರ ಗಡಿಯಾರವನ್ನೇಕೆ ಪಾಲಿಸಬೇಕು ಎಂಬುದು ಆಗಿನ ವಿದೇಶಾಂಗ ಸಚಿವ ಡೇವಿಡ್ ಚೋಕೆವಾಂಕಾ ಅವರ ವಾದ. ಅಲ್ಲಿ ನೆಟ್ಟ ಕೋಲಿನ ನೆರಳು ವರ್ಷದ ಹೆಚ್ಚಿನ ದಿನ ಖರೇನೇ ಎಡಕ್ಕೆ ಸುತ್ತುತ್ತದೆ, ಆ ಮಟ್ಟಿಗೆ ಮಾತು ಸರಿ. ಮೇಲಾಗಿ ಈ ಕೆಲಸಕ್ಕೆ ಭೂಸ್ವಾಧೀನ ಬೇಡ, ಯಾರ ಹೊಲವೂ ಹೋಗುವುದಿಲ್ಲ, ಯಾವ ಕಂಪನಿಯೂ ಕೋರ್ಟಿಗೆ ಹೋಗುವುದಿಲ್ಲ. 2018ರಲ್ಲಿ 'ಜನರ ದೊಡ್ಡ ಮನೆ' ಎದ್ದಿತು: ಅಧ್ಯಕ್ಷರಿಗೆ ಗಗನಚುಂಬಿ ಕಟ್ಟಡ, ನೆತ್ತಿಯ ಮೇಲೆ ಹೆಲಿಪ್ಯಾಡ್, ಖರ್ಚು ಸುಮಾರು 3.4 ಕೋಟಿ ಡಾಲರ್. ಬೆಳಗಾವಿಯವರು ನಗುವಂತಿಲ್ಲ. ನಮ್ಮ ಸೌಧ 2012ರಲ್ಲಿ ಉದ್ಘಾಟನೆಯಾದದ್ದು ವರ್ಷಕ್ಕೆ ಹತ್ತು ದಿನದ ಅಧಿವೇಶನಕ್ಕೆ. 2022ರಲ್ಲಿ ಒಬ್ಬ ಕೂಲಿ ಹೆಣ್ಣುಮಗಳು ಅದರೆದುರು ಶಾವಿಗೆ ಒಣಹಾಕಿದ್ದಕ್ಕೆ ಎಷ್ಟು ದೊಡ್ಡ ಗದ್ದಲವಾಯಿತು ಎಂದರೆ, ಕಟ್ಟಡಕ್ಕೆ ಬಿಸಿಲುಗಾಲದಲ್ಲಿ ಸಿಕ್ಕ ಒಂದು ಉಪಯೋಗವೂ ತಪ್ಪಿಹೋಯಿತು.

ಹಾಗಂತ ಕೆಲಸವೇ ಆಗಿಲ್ಲ ಎನ್ನುವಂತಿಲ್ಲ. 2006ರ ಮೇ 1ರಂದು ಅನಿಲವನ್ನು ರಾಷ್ಟ್ರೀಕರಿಸಿದರು, ಮುಂದೆ ಶೇ 60ರ ಆಸುಪಾಸಿದ್ದ ಬಡತನ ಶೇ 40ಕ್ಕಿಂತ ಕೆಳಗಿಳಿಯಿತು. ವಿಡಂಬನೆಗೆ ಇದರಿಂದ ಪ್ರಯೋಜನವಿಲ್ಲ, ಮುಂದೆ ಹೋಗೋಣ.

ಜನಗಣತಿ ಕೈಕೊಟ್ಟಿತು. 2001ರಲ್ಲಿ ತಾವು ಮೂಲನಿವಾಸಿಗಳು ಎಂದು ಬರೆಸಿದವರು ಶೇ 62. ಮೂಲನಿವಾಸಿಗಳ ಸರ್ಕಾರ ಬಂದು ಆರು ವರ್ಷವಾದ ಮೇಲೆ, 2012ರಲ್ಲಿ, ಶೇ 41ರ ಹತ್ತಿರ. ನಡುವೆ ಪ್ರಶ್ನೆಯ ಒಕ್ಕಣೆ ಬದಲಾಗಿತ್ತು. ಜಾತಿ ಸಮೀಕ್ಷೆಯ ಧರ್ಮದ ಕಾಲಮ್ಮಿನಲ್ಲಿ ಏನು ಬರೆಸಬೇಕೆಂದು ಮಠದಿಂದ ಮಠಕ್ಕೆ ಓಡಾಡಿದ ಬಾಗಲಕೋಟೆ, ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸರ್ವಿಸ್ ಲೆಕ್ಕ. ಹೊಸ ಸಂವಿಧಾನದ 168ನೇ ವಿಧಿ ಪ್ರಕಾರ ಅಧ್ಯಕ್ಷರಿಗೆ ಸತತ ಎರಡೇ ಅವಧಿ. ಮೊರಾಲೆಸ್ 2006ರಲ್ಲಿ ಒಂದು, 2010ರಲ್ಲಿ ಇನ್ನೊಂದು ಅವಧಿ ಶುರು ಮಾಡಿದ್ದರು. ಸಾಂವಿಧಾನಿಕ ನ್ಯಾಯಮಂಡಳಿ 2013ರಲ್ಲಿ ದಾರಿ ಹುಡುಕಿತು: ದೇಶವನ್ನು ಮರುಸ್ಥಾಪಿಸಿದ್ದರಿಂದ ಹಳೇ ದೇಶದ ಅವಧಿ ಜಮಾ ಆಗುವುದಿಲ್ಲ. ಮೂರನೆಯದೂ ಆಯಿತು. ನಾಲ್ಕನೆಯದಕ್ಕೆ 2016ರ ಫೆಬ್ರುವರಿಯಲ್ಲಿ ಜನರನ್ನೇ ಕೇಳಿದರು, ಶೇ 51 ಮಂದಿ ಬೇಡ ಎಂದರು. 2017ರ ನವೆಂಬರಿನಲ್ಲಿ ಅದೇ ಮಂಡಳಿ ಹೇಳಿತು: ಮರು ಸ್ಪರ್ಧೆ ಮಾನವ ಹಕ್ಕು, ತಡೆಯುವಂತಿಲ್ಲ. 2019ರ ಮತ ಎಣಿಕೆಯ ಗಲಾಟೆಯಲ್ಲಿ ಅಧ್ಯಕ್ಷರು ಮೆಕ್ಸಿಕೋಗೆ ಹೋದರು. ಮರು ಸ್ಪರ್ಧೆ ಮಾನವ ಹಕ್ಕಲ್ಲ ಎಂದು ಅಂತರ ಅಮೆರಿಕ ನ್ಯಾಯಾಲಯ ಹೇಳುವಷ್ಟರಲ್ಲಿ 2021 ಬಂದಿತ್ತು. 2025ರಲ್ಲಿ ಮಾಸ್ ಅಭ್ಯರ್ಥಿಗೆ ಬಿದ್ದದ್ದು ಶೇ 3ರಷ್ಟು.

ಭೂತಾಯಿಗೂ ಹಕ್ಕು ಕೊಟ್ಟರು, 2010ರ ಡಿಸೆಂಬರಿನ ಕಾನೂನಿನಲ್ಲಿ. ಎಂಟು ತಿಂಗಳಿಗೆ ಟಿಪ್ನಿಸ್ ಎಂಬ ಮೂಲನಿವಾಸಿಗಳ ಕಾಡಿನೊಳಗಿಂದ ಸರ್ಕಾರದ್ದೇ ಹೆದ್ದಾರಿ ಬೇಡವೆಂದು ಆ ಜನ ಲಾ ಪಾಜ್ ನಗರಕ್ಕೆ ನಡೆದು ಹೊರಟರು. ಸೆಪ್ಟೆಂಬರ್ 25ರಂದು ದಾರಿಯ ಚಾಪರಿನಾ ಎಂಬಲ್ಲಿ ಪೊಲೀಸರ ಲಾಠಿ. ದೋಷ ಎಲ್ಲಿತ್ತು? ಗುತ್ತಿಗೆಗೆ ಸಹಿ ಬಿದ್ದದ್ದು 2008ರಲ್ಲಿ, ಸ್ಥಳೀಯರ ಅಭಿಪ್ರಾಯ ಕೇಳಿದ್ದು 2012ರಲ್ಲಿ.

ಸಂಸತ್ತಿನ ಕೆಳಮನೆಯಲ್ಲಿ 130 ಕುರ್ಚಿ, ಮೂಲನಿವಾಸಿ ವಿಶೇಷ ಕ್ಷೇತ್ರಗಳಿಗೆ 7. ಐಮಾರಾ, ಕೆಚುವಾ ದೊಡ್ಡ ಜನಾಂಗಗಳು, ಅವರಿಗೆ ಇದರ ಗರಜು ಇಲ್ಲ. ಉಳಿದ ಮೂವತ್ತಕ್ಕೂ ಹೆಚ್ಚು ಜನಾಂಗಗಳು ಆ ಏಳರಲ್ಲಿ ಸರಿದು ಕೂರಬೇಕು.

ಪೆಂಡಾಲಿನವರು ನಿಜವಾಗಿ ಓದಬೇಕಾದದ್ದು ಸ್ವಯಮಾಡಳಿತದ ಕಡತ. ಚಾರಾಗುವಾ ಎಂಬ ಗ್ವಾರಾನಿ ಜನಾಂಗದ ಸೀಮೆ, ವಿಸ್ತಾರದಲ್ಲಿ ಬೆಳಗಾವಿ ಜಿಲ್ಲೆಯ ಐದು ಪಟ್ಟಿಗೂ ಹೆಚ್ಚು. 2009ರ ಡಿಸೆಂಬರಿನಲ್ಲಿ ಜನಮತ: ನಮ್ಮ ಆಡಳಿತ ನಮಗೆ ಬೇಕು. ಆಮೇಲೆ ಚರ್ಚಾಸಭೆ ಕೂಡಬೇಕು, ನಿಯಮಾವಳಿ ಬರೆಯಬೇಕು, ಅದು ನ್ಯಾಯಮಂಡಳಿಗೆ ಹೋಗಬೇಕು, ಅವರು ತಿದ್ದಲು ವಾಪಸ್ ಕಳಿಸಬೇಕು, ತಿದ್ದಿ ಮತ್ತೆ ಕಳಿಸಬೇಕು, ಒಪ್ಪಿಗೆ ಬಂದ ಮೇಲೆ ಮತ್ತೊಂದು ಜನಮತ, ನಂತರ ಚುನಾವಣೆ. ಎರಡನೇ ಜನಮತ 2015ರ ಸೆಪ್ಟೆಂಬರ್ 20ಕ್ಕೆ ಬಂತು. ಆಡಳಿತ ಶುರುವಾದದ್ದು 2017ರ ಜನವರಿಯಲ್ಲಿ. ಮೂಲನಿವಾಸಿಗಳದ್ದೇ ಸರ್ಕಾರ, ಮೂಲನಿವಾಸಿಗಳದ್ದೇ ಅರ್ಜಿ, ಏಳು ವರ್ಷ! ಅದೇ ಸೆಪ್ಟೆಂಬರ್ 20ರಂದು ಎತ್ತರದ ಬಯಲುಸೀಮೆಯ ತೋತೋರಾ ಮಾರ್ಕಾದಲ್ಲೂ ಮತದಾನವಿತ್ತು. ಅಷ್ಟು ವರ್ಷ ಕಚೇರಿ ಅಲೆದು ಒಪ್ಪಿಗೆ ತಂದ ತಮ್ಮದೇ ನಿಯಮಾವಳಿಯನ್ನು ಅಲ್ಲಿಯ ಜನ ದೊಡ್ಡ ಬಹುಮತದಿಂದ ತಳ್ಳಿಹಾಕಿ, ಹಳೇ ಪುರಸಭೆಯೇ ಇರಲಿ ಎಂದರು.